ಅರಸರ ಧರ್ಮ, ಒಕ್ಕಲು ಮಕ್ಕಳ ದೇವರು

(ಭೀಮರಾಯನಗುಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



 

ಇಂದು ನಾನು ಮಾತಾಡಬೇಕೆಂದಿರುವುದು 16 ಮತ್ತು 17ನೇ ಶತಮಾನಗಳ ಸಾಮಾನ್ಯ ಜನರ ಬಗ್ಗೆ. ಅವರು ಏನು ಉಂಡರು, ಯಾರಿಗೆ ಕಂದಾಯ ಕೊಟ್ಟರು, ಯಾರ ಮುಂದೆ ಕೈ ಮುಗಿದರು, ಅವರ ನಂಬಿಕೆಯ ಮೇಲೆ ಅರಸನ ಅಧಿಕಾರ ಎಷ್ಟು ನಡೆಯಿತು ಎಂಬ ಪ್ರಶ್ನೆಗಳು ನನ್ನವು. ಯುರೋಪಿನಲ್ಲಿ ಕಳೆದ ನೂರು ವರ್ಷಗಳಿಂದ ಇತಿಹಾಸಕಾರರು ಈ ಪ್ರಶ್ನೆಗಳನ್ನು ಕೇಳುತ್ತಾ ಅರಮನೆಯಿಂದ ಗಿರಣಿಯವನ ಮನೆಗೆ, ಯುದ್ಧಭೂಮಿಯಿಂದ ಅಡುಗೆಮನೆಗೆ ಬಂದಿದ್ದಾರೆ. ಅದೇ ಪ್ರಶ್ನೆಗಳನ್ನು ಭೀಮರಾಯನಗುಡಿಯ ಸುತ್ತಲಿನ ನೆಲಕ್ಕೆ ಕೇಳಿದರೆ ಸಿಗುವ ಉತ್ತರ ಯಾವ ದೇಶದ ಇತಿಹಾಸಕ್ಕೂ ಕಡಿಮೆಯದಲ್ಲ. ಗೋಗಿ, ಸಗರ, ವಾಗಣಗೇರಿ, ದೇವಾಪುರ, ತಿಂಥಣಿ, ಕೊಡೇಕಲ್, ಸುರಪುರ ಎಲ್ಲವೂ ನಮ್ಮ ಬಸ್ಸಿನ ಬೋರ್ಡಿನ ಮೇಲಿರುವ ಊರುಗಳು. ಜಗತ್ತಿನ ಇತಿಹಾಸದ ದೊಡ್ಡ ಪ್ರಶ್ನೆಗಳು ಇವೇ ಊರುಗಳಲ್ಲಿ ಹಾದುಹೋಗಿವೆ.

ನಾನು ಹೇಳಬೇಕೆಂದಿರುವುದು ಇಷ್ಟು. ಆ ಎರಡು ಶತಮಾನಗಳಲ್ಲಿ ಯುರೋಪಿನ ಬಹುಪಾಲು ಅರಸರು ಪ್ರಜೆಯ ನಂಬಿಕೆಯನ್ನು ತಮ್ಮ ಕೈಗೆ ತೆಗೆದುಕೊಳ್ಳಲು ಹೊರಟರು. ನಮ್ಮ ಶಹಾಪುರ ಸುರಪುರ ಸೀಮೆಯಲ್ಲಿ ಅರಸರೇ ಜನರ ನಂಬಿಕೆಯ ಬಾಗಿಲಿಗೆ ಬಂದು ನಿಲ್ಲಬೇಕಾಯಿತು. ಇದರಿಂದ ನಮಗೆ ದೊಡ್ಡದೊಂದು ಲಾಭವಾಯಿತು, ದೊಡ್ಡದೊಂದು ನಷ್ಟವೂ ಉಳಿಯಿತು. ಎರಡನ್ನೂ ಹೇಳುತ್ತೇನೆ.

ಗೋಗಿಯ ಗೋರಿಗಳು

ಶಹಾಪುರ ತಾಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ಅವರ ದರ್ಗಾ ಇದೆ. ವಿಜಯಪುರದ ಆದಿಲಶಾಹಿ ಮನೆತನದ ಮೊದಲ ನಾಲ್ವರು ಸುಲ್ತಾನರನ್ನು, ಅಂದರೆ ಯೂಸುಫ್, ಇಸ್ಮಾಯಿಲ್, ಮಲ್ಲು ಮತ್ತು ಮೊದಲನೆಯ ಇಬ್ರಾಹಿಂ ಅವರನ್ನು ಈ ಗುರುವಿನ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಲಾಗಿದೆ. ಗೋಳಗುಮ್ಮಟ ಕಟ್ಟಿದ ವಂಶದ ಹಿರಿಯರು ತಮ್ಮ ರಾಜಧಾನಿಯನ್ನು ಬಿಟ್ಟು ಗೋಗಿಗೆ ಬಂದು ಮಲಗಿದ್ದು ಗುರುವಿನ ನೆರಳಿಗಾಗಿ. ಹೊಸದಾಗಿ ಎದ್ದ ಗದ್ದುಗೆಗೆ ಸೈನ್ಯದ ಬಲ ಒಂದೇ ಸಾಲಲಿಲ್ಲ, ಜನ ನಂಬಿದ ಒಬ್ಬ ಸಂತನ ಹೆಸರೂ ಬೇಕಾಯಿತು.

ಮೊದಲನೆಯ ಇಬ್ರಾಹಿಂ ಪಟ್ಟಕ್ಕೆ ಬಂದದ್ದು 1534ರಲ್ಲಿ. ಅವನ ಅಜ್ಜ ಯೂಸುಫ್ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ್ದ. ಇಬ್ರಾಹಿಂ ಅದನ್ನು ತೆಗೆದು ಸುನ್ನಿ ಪಂಥವನ್ನು ತಂದ. 1558ರಲ್ಲಿ ಅವನು ತೀರಿಕೊಂಡ ಮೇಲೆ ಮಗ ಅಲಿ ಮತ್ತೆ ಶಿಯಾ ಪಂಥಕ್ಕೆ ಮರಳಿದ. ಎರಡನೆಯ ಇಬ್ರಾಹಿಂನ ಕಾಲದಲ್ಲಿ ಸುನ್ನಿ ಪಂಥ ಇನ್ನೊಮ್ಮೆ ಬಂತು. ಈಗ ಇಂಗ್ಲೆಂಡಿನ ಕಡೆ ನೋಡಿ. ದೊರೆ ಎಂಟನೆಯ ಹೆನ್ರಿ ರೋಮಿನ ಪೋಪನ ಸಂಬಂಧ ಕಡಿದುಕೊಂಡು ತಾನೇ ಚರ್ಚಿನ ಒಡೆಯನಾದದ್ದು ಅದೇ 1534ರಲ್ಲಿ. ಅವನ ಮಗಳು ಮೇರಿ 1553ರಲ್ಲಿ ಪಟ್ಟವೇರಿ ಹಳೆಯ ಕ್ಯಾಥೊಲಿಕ್ ಮತವನ್ನು ತಂದಳು. ಅದೇ 1558ರಲ್ಲಿ ಅವಳು ಸತ್ತಾಗ ತಂಗಿ ಎಲಿಜಬೆತ್ ಮತ್ತೆ ಪ್ರಾಟೆಸ್ಟಂಟ್ ಮತಕ್ಕೆ ಮರಳಿದಳು. ಎರಡು ದೂರದ ರಾಜ್ಯಗಳಲ್ಲಿ ಅವೇ ಇಸವಿಗಳಲ್ಲಿ ರಾಜಧರ್ಮ ಮಗ್ಗುಲು ಬದಲಿಸಿತು.

ಆದರೆ ಹಳ್ಳಿಯಲ್ಲಿ ನಡೆದದ್ದು ಒಂದೇ ಅಲ್ಲ. ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿ ಊರಿನ ಪಾದ್ರಿ ದೀಕ್ಷೆ, ಮದುವೆ, ಸಾವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆ ಬಂತು. 1549ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪ್ರಾರ್ಥನಾ ಪುಸ್ತಕ ಬಂತು. ಊರ ಚರ್ಚಿನ ಮೂರ್ತಿಗಳನ್ನು ಕಿತ್ತರು, ಮೇರಿಯ ಕಾಲದಲ್ಲಿ ಮತ್ತೆ ಇಟ್ಟರು, ಎಲಿಜಬೆತ್ ಕಾಲದಲ್ಲಿ ಮತ್ತೆ ಕಿತ್ತರು. ಮೇರಿಯ ಐದು ವರ್ಷಗಳಲ್ಲಿ ಸುಮಾರು 280 ಜನರನ್ನು ಮತದ ಕಾರಣಕ್ಕೆ ಜೀವಂತ ಸುಟ್ಟರು. ಎಲಿಜಬೆತ್ ಆಳ್ವಿಕೆಯಲ್ಲಿ ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ನಿ ದಂಡ. ಜರ್ಮನ್ ನಾಡುಗಳಲ್ಲಿ 1555ರ ಆಗ್ಸ್‌ಬರ್ಗ್ ಒಪ್ಪಂದ ಆಳುವವನ ಮತವೇ ನಾಡಿನ ಮತ ಎಂಬ ನಿಯಮವನ್ನು ಒಪ್ಪಿಕೊಂಡಿತು. ಒಪ್ಪದವರು ಊರು ಬಿಡಬೇಕಾಯಿತು.

ವಿಜಯಪುರದಲ್ಲಿ ಪಂಥ ಬದಲಾದಾಗ ಶುಕ್ರವಾರದ ಪ್ರಾರ್ಥನೆಯ ಪ್ರವಚನವಾದ ಖುತ್ಬಾದ ಮಾತು ಬದಲಾಯಿತು, ಆಸ್ಥಾನದಲ್ಲಿ ಇರಾನಿನಿಂದ ಬಂದ ಸರದಾರರ ಜಾಗಕ್ಕೆ ದಖ್ಖನಿ ಸರದಾರರು ಬಂದರು. ಸಗರದ ಒಕ್ಕಲಿಗನನ್ನು ಮಾತ್ರ ಯಾರೂ ನೀನು ಯಾವ ಪಂಥ ಎಂದು ಕೇಳಲಿಲ್ಲ. ಅವನ ಜೋಳದ ರಾಶಿಯಲ್ಲಿ ಸರಕಾರದ ಪಾಲು ಎಷ್ಟು ಎಂಬುದಷ್ಟೇ ಸರಕಾರಕ್ಕೆ ಬೇಕಿತ್ತು. ಇದನ್ನು ಅರಸರ ಔದಾರ್ಯವೆಂದು ನಾನು ಹೊಗಳುವುದಿಲ್ಲ. ಬೇರೆ ಬೇರೆ ದೇವರುಗಳ ಪ್ರಜೆಗಳ ಮೇಲೆ ಕೆಲವೇ ಜನ ಆಳಬೇಕಾದಾಗ ನಂಬಿಕೆಯ ಲೆಕ್ಕ ಇಡುವುದು ಸಾಧ್ಯವೂ ಇರಲಿಲ್ಲ, ಲಾಭವೂ ಇರಲಿಲ್ಲ.

ಮೊದಲನೆಯ ಇಬ್ರಾಹಿಂ ಕಂದಾಯದ ಲೆಕ್ಕಪತ್ರಗಳನ್ನು ಪರ್ಶಿಯನ್‌ನಿಂದ ತಪ್ಪಿಸಿ ದೇಶಭಾಷೆಯಲ್ಲಿ ಇಡಲು ಆಜ್ಞೆ ಮಾಡಿ, ಸ್ಥಳೀಯ ಬ್ರಾಹ್ಮಣ ಲೆಕ್ಕಿಗರಿಗೆ ದಫ್ತರ ಒಪ್ಪಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸ್ವಾ ಕೋರ್ಟಿನ ಕಾಗದಗಳಲ್ಲಿ ಲ್ಯಾಟಿನ್ ಬಿಟ್ಟು ಫ್ರೆಂಚ್ ಬಳಸಬೇಕೆಂದು ಆಜ್ಞೆ ಹೊರಡಿಸಿದ್ದು 1539ರಲ್ಲಿ. ಇಬ್ಬರೂ ಒಂದೇ ಕಾಲದವರು. ಫ್ರಾನ್ಸಿನ ಆಜ್ಞೆ ಶಾಲೆಯ ಪುಸ್ತಕಗಳಲ್ಲಿದೆ, ಗೋಗಿಯಲ್ಲಿ ಮಲಗಿರುವ ಸುಲ್ತಾನನ ಆಜ್ಞೆ ಗೋಗಿಯ ಮಕ್ಕಳಿಗೇ ಗೊತ್ತಿಲ್ಲ.

ರೊಟ್ಟಿ, ಖಾರ, ತಂಬಾಕು

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಿತ್ತುಕೊಂಡದ್ದು ಆದಿಲಶಾಹಿಗಳಿಂದಲೇ. ಅಲ್ಲಿಂದ ಮುಂದೆ ಅಮೆರಿಕ ಖಂಡದ ಬೆಳೆಗಳು ಪಶ್ಚಿಮದ ಬಂದರುಗಳಿಂದ ಘಟ್ಟ ಹತ್ತಿ ಒಳನಾಡಿಗೆ ಬಂದವು. ಜೋಳ, ಸಜ್ಜೆ, ನವಣೆ, ತೊಗರಿ ನಮ್ಮಲ್ಲಿ ಬಹಳ ಹಳೆಯವು. ಆದರೆ ಶಹಾಪುರದ ಹೊಲಗಳಲ್ಲಿ ಇಂದು ಕೆಂಪಗೆ ಒಣಗುವ ಮೆಣಸಿನಕಾಯಿ ಈ ಎರಡು ಶತಮಾನಗಳ ಕೊಡುಗೆ. ಅದಕ್ಕೂ ಮುಂಚೆ ಖಾರಕ್ಕೆ ಇದ್ದದ್ದು ಕರಿಮೆಣಸು, ಶುಂಠಿ. ಶೇಂಗಾ ಕೂಡ ಅಮೆರಿಕ ಮೂಲದ್ದೇ, ನಮ್ಮ ಹೊಲಗಳಲ್ಲಿ ಹಬ್ಬಿದ್ದು ಬಹಳ ತಡವಾಗಿ.

ತಂಬಾಕಿನ ಕಥೆಗೆ ದಾಖಲೆ ಇದೆ. ಅಕ್ಬರನ ರಾಯಭಾರಿಯಾಗಿ ವಿಜಯಪುರಕ್ಕೆ ಬಂದಿದ್ದ ಅಸದ್ ಬೇಗ್ ಉತ್ತರದಲ್ಲಿ ತಾನು ಎಂದೂ ಕಾಣದ ತಂಬಾಕನ್ನು ಇಲ್ಲಿ ಕಂಡ. ಸುಮಾರು 1604ರಲ್ಲಿ ಅದನ್ನೂ ಒಂದು ಅಲಂಕಾರದ ಹುಕ್ಕಾವನ್ನೂ ಬಾದಶಹನಿಗೆ ಒಯ್ದ. ಅಕ್ಬರ ಒಂದು ದಮ್ಮು ಎಳೆದ, ವೈದ್ಯರು ತಡೆದರು. ಯುರೋಪಿನ ಅರಸರೂ ಪಾದ್ರಿಗಳೂ ಅದೇ ವರ್ಷಗಳಲ್ಲಿ ತಂಬಾಕಿನ ವಿರುದ್ಧ ಬರೆಯುತ್ತಿದ್ದರು. ಯಾರ ಮಾತೂ ನಡೆಯಲಿಲ್ಲ. ಹಳ್ಳಿಯ ಕಟ್ಟೆಗೆ ಹೊಸ ಚಟವೊಂದು ಬಂದೇ ಬಿಟ್ಟಿತು. ಸಾಮಾನ್ಯರ ಬಾಯಿರುಚಿ ಅರಸರ ಆಜ್ಞೆಯನ್ನು ಕೇಳುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹೊಟ್ಟೆಯ ಇನ್ನೊಂದು ಕಥೆ ಬರದ್ದು. 1630ರಿಂದ 1632ರವರೆಗೆ ಗುಜರಾತ್ ಮತ್ತು ದಖ್ಖನ್ ಭೀಕರ ಬರ ಕಂಡವು. 1702ರಿಂದ 1704ರ ಬರ ಮತ್ತು ಪ್ಲೇಗಿನಲ್ಲಿ ದಖ್ಖನಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಇಟಲಿಯ ಪ್ರವಾಸಿ ಮನೂಚಿ ಬರೆದಿದ್ದಾನೆ. 1693–94ರಲ್ಲಿ ಫ್ರಾನ್ಸಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹಸಿವಿಗೂ ಬೇನೆಗೂ ಬಲಿಯಾದರು. ಅಂಥ ಹೊತ್ತಿನಲ್ಲಿ ಅಲ್ಲಿಯ ರೈತ ಸಂತರ ಮೂಳೆಗಳನ್ನು ಮೆರವಣಿಗೆ ಮಾಡಿದ, ಇಲ್ಲಿಯ ರೈತ ಊರ ದೇವರಿಗೆ ಹರಕೆ ಹೊತ್ತ. ಮಳೆಯನ್ನೇ ನಂಬಿದ ಬದುಕಿನಲ್ಲಿ ದೇವರು ನಿತ್ಯದ ಅಗತ್ಯ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಹರಿದ ಮೇಲೆ ಹುಟ್ಟಿದ ಮಕ್ಕಳಿಗೆ ಈ ಮಾತು ದೂರದ್ದೆನಿಸಬಹುದು. ಮನೆಯ ಹಿರಿಯರನ್ನು ಕೇಳಿ ನೋಡಿ, ಹತ್ತಿರದ್ದೇ ಆಗುತ್ತದೆ.

ಮೊಂಟೆರಿಯಾಲೆಯ ಗಿರಣಿಯವನು, ತಿಂಥಣಿಯ ಮೌನೇಶ್ವರ

ಇಟಲಿಯ ಫ್ರಿಯುಲಿ ಸೀಮೆಯ ಮೊಂಟೆರಿಯಾಲೆ ಎಂಬ ಹಳ್ಳಿಯಲ್ಲಿ ದೊಮೆನಿಕೊ ಸ್ಕಾಂದೆಲ್ಲಾ ಎಂಬ ಹಿಟ್ಟಿನ ಗಿರಣಿಯವನಿದ್ದ. ಊರವರು ಕರೆಯುತ್ತಿದ್ದದ್ದು ಮೆನೊಕ್ಕಿಯೊ ಎಂದು. ಓದು ಬರಹ ಬಲ್ಲವನು. ಸಿಕ್ಕ ನಾಲ್ಕಾರು ಪುಸ್ತಕ ಓದಿ, ತನ್ನ ಅನುಭವದಿಂದ ಯೋಚಿಸಿ, ಜಗತ್ತು ಹೇಗೆ ಹುಟ್ಟಿತು, ದೇವರು ಯಾರು ಎಂಬ ಬಗ್ಗೆ ತನ್ನದೇ ವಿಚಾರ ಹೇಳುತ್ತಿದ್ದ. ಕ್ರೈಸ್ತರಿಗೂ ತುರ್ಕರಿಗೂ ಯಹೂದಿಗಳಿಗೂ ದೇವರ ಕೃಪೆ ಸಮಾನ ಎಂಬುದು ಅವನ ನಂಬಿಕೆಗಳಲ್ಲಿ ಒಂದು. 1584ರಲ್ಲಿ ಚರ್ಚಿನ ವಿಚಾರಣಾ ನ್ಯಾಯಾಲಯ ಅವನನ್ನು ಜೈಲಿಗೆ ಹಾಕಿತು. ಬಿಡುಗಡೆಯಾದ ಮೇಲೂ ಅವನು ಮಾತು ನಿಲ್ಲಿಸಲಿಲ್ಲ. 1599ರಲ್ಲಿ ಎರಡನೆಯ ವಿಚಾರಣೆ ನಡೆದು ಮರಣದಂಡನೆಯಾಯಿತು. ಆ ವಿಚಾರಣೆಯ ಕಡತಗಳಿಂದ ಕಾರ್ಲೊ ಗಿಂಜ಼್‌ಬರ್ಗ್ ಎಂಬ ಇತಿಹಾಸಕಾರ 1976ರಲ್ಲಿ ಒಂದು ಪುಸ್ತಕ ಬರೆದ. ಗಿರಣಿಯವನೊಬ್ಬ ಅದರಿಂದ ಜಗತ್ತಿಗೆಲ್ಲ ಪರಿಚಿತನಾದ.

ಈಗ ಸುರಪುರ ತಾಲೂಕಿಗೆ, ಕೃಷ್ಣೆಯ ದಂಡೆಯ ತಿಂಥಣಿಗೆ ಬನ್ನಿ. ಆದಿಲಶಾಹಿಗಳ ಕಾಲದ ಮೌನೇಶ್ವರರು ವಿಶ್ವಕರ್ಮ ಕುಲದವರು, ಅಂದರೆ ಕೈಕಸುಬಿನ ಮನೆತನದವರು. ಅವರೂ ಸೃಷ್ಟಿಯ ಬಗ್ಗೆ, ದೇವರ ಬಗ್ಗೆ, ಜಾತಿಯ ಬಗ್ಗೆ ತಮ್ಮದೇ ಮಾತು ಹೇಳಿದರು. ಹಿಂದೂಗಳಿಗೆ ಮೌನೇಶ್ವರ, ಮೌನಪ್ಪಯ್ಯ. ಮುಸ್ಲಿಮರಿಗೆ ಪೀರ. ಗುಡಿಯ ಕಟ್ಟಡದಲ್ಲೇ ಇಸ್ಲಾಮೀ ಶೈಲಿ ಎದ್ದು ಕಾಣುತ್ತದೆ, ಜಾತ್ರೆಯ ಘೋಷದಲ್ಲಿ ಎರಡೂ ಧರ್ಮದ ಮಾತುಗಳಿವೆ. ಅವರಿಗೂ ಮುಂಚೆ, 16ನೇ ಶತಮಾನದಲ್ಲಿ, ಕೊಡೇಕಲ್ ಬಸವಣ್ಣನವರು ಶರಣರ ಮಾತನ್ನೂ ಸೂಫಿಗಳ ಮಾತನ್ನೂ ಬೆರೆಸಿ, ಮುಂದಾಗುವುದನ್ನು ಹೇಳುವ ಕಾಲಜ್ಞಾನದ ಪರಂಪರೆಯನ್ನೇ ಕಟ್ಟಿದ್ದರು. ಅವರ ಗದ್ದುಗೆಗೂ ಎರಡೂ ಸಮುದಾಯದವರು ನಡೆದುಕೊಳ್ಳುತ್ತಾರೆ.

ಒಂದೇ ಕಾಲದ ಎರಡು ನಾಡುಗಳಲ್ಲಿ ಕೈಕಸುಬಿನ ಮನುಷ್ಯರು ದೇವರ ಬಗ್ಗೆ ಸ್ವತಂತ್ರವಾಗಿ ಯೋಚಿಸಿದರು. ಅಲ್ಲಿ ಒಬ್ಬನಿಗೆ ಮರಣದಂಡನೆ, ಇಲ್ಲಿ ಒಬ್ಬರಿಗೆ ಜಾತ್ರೆ. ಇಷ್ಟಕ್ಕೇ ನಾವು ಬೀಗಬಾರದು. ಯುರೋಪಿನಲ್ಲಿಯೂ ಡಚ್ ನಾಡಿನಂಥ ಕಡೆ ಬೇರೆ ಬೇರೆ ಮತದವರು ಒಟ್ಟಿಗೆ ಬಾಳಿದರು. ನಮ್ಮಲ್ಲಿಯೂ ದಿಲ್ಲಿಯಲ್ಲಿ ಔರಂಗಜೇಬ ಸರ್ಮದ್ ಎಂಬ ಫಕೀರ ಕವಿಯ ತಲೆ ತೆಗೆಸಿದ, 1679ರಲ್ಲಿ ಮುಸ್ಲಿಮೇತರರ ಮೇಲಿನ ಜಿಜಿಯಾ ತೆರಿಗೆಯನ್ನು ಮತ್ತೆ ಹೇರಿದ. ಆದರೂ ನಮ್ಮ ಸೀಮೆಯ ಮಟ್ಟಿಗೆ ನಂಬಿಕೆಯ ವಿಚಾರಣೆ ನಡೆಸುವ ನ್ಯಾಯಾಲಯ ಎದ್ದು ನಿಲ್ಲಲಿಲ್ಲ. ವಿಜಯಪುರದ ಎರಡನೆಯ ಇಬ್ರಾಹಿಂ ತನ್ನ ಹಾಡುಗಳ ಪುಸ್ತಕ ಕಿತಾಬೆ ನವರಸದಲ್ಲಿ ಸರಸ್ವತಿಯನ್ನೂ ಕಲಬುರಗಿಯ ಸೂಫಿ ಸಂತ ಬಂದೇನವಾಜರನ್ನೂ ಒಟ್ಟಿಗೆ ನೆನೆದ. ಹಾರ್ಲೆಮ್‌ನ ಚಿತ್ರಕಾರ ಕಾರ್ನೆಲಿಸ್ ಹೇಡಾ ಅವನ ಆಸ್ಥಾನದಲ್ಲಿ ಕೆಲಸ ಮಾಡಿದ. ಆಸ್ಥಾನದ ಈ ಮನೋಧರ್ಮ ಹಳ್ಳಿಯಿಂದ ಮೇಲಕ್ಕೆ ಏರಿತೇ ಹೊರತು ಆಸ್ಥಾನದಿಂದ ಹಳ್ಳಿಗೆ ಇಳಿಯಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತಿಂಥಣಿ, ಕೊಡೇಕಲ್, ಗೋಗಿಗಳನ್ನು ಕಟ್ಟಿದವರು ಬೀಸುವವರು, ನೇಯುವವರು, ಕಬ್ಬಿಣ ಬಡಿಯುವವರು.

ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣು

ನಂಬಿಕೆಯನ್ನು ಮನೆಯೊಳಗೆ ತಂದವಳು ಹೆಣ್ಣು. ವಿಜಯಪುರದ ಸೂಫಿಗಳ ಮೇಲೆ ದೊಡ್ಡ ಸಂಶೋಧನೆ ಮಾಡಿದ ರಿಚರ್ಡ್ ಈಟನ್, ಚಕ್ಕಿನಾಮಾ, ಚರ್ಖಾನಾಮಾ ಎಂಬ ದಖ್ಖನಿ ಹಾಡುಗಳನ್ನು ಗುರುತಿಸಿದರು. ಹಿಟ್ಟು ಬೀಸುವಾಗ, ನೂಲು ತೆಗೆಯುವಾಗ ಹೆಂಗಸರು ಹಾಡುತ್ತಿದ್ದ ಈ ಹಾಡುಗಳಲ್ಲಿ ಗುರುವಿನ, ದೇವರ ಸ್ಮರಣೆ ಕೆಲಸದ ಲಯದಲ್ಲೇ ಕೂಡಿಕೊಂಡಿತ್ತು. ನಮ್ಮ ತಾಯಂದಿರ ಕನ್ನಡದ ಬೀಸುವ ಪದಗಳದೂ ಅದೇ ಲಯ, ಅದೇ ದುಡಿಮೆ. ದೊಡ್ಡ ಗ್ರಂಥಗಳು ತಲುಪದ ಮನೆಗೆ ಧರ್ಮ ತಲುಪಿದ್ದು ಬೀಸುಕಲ್ಲಿನ ಮುಂದೆ.

ಯುರೋಪಿನಲ್ಲಿ ಅದೇ ಕಾಲದ ಹೆಣ್ಣಿನ ಮೇಲೆ ಬಿದ್ದ ಅಧಿಕಾರದ ಕಣ್ಣು ಕ್ರೂರವಾದದ್ದು. ಮಾಟಗಾತಿ ಎಂಬ ಆರೋಪದ ಮೇಲೆ 15ರಿಂದ 18ನೇ ಶತಮಾನದವರೆಗೆ 40 ಸಾವಿರದಿಂದ 60 ಸಾವಿರ ಜನರನ್ನು ಕೊಂದರೆಂದು ವಿದ್ವಾಂಸರ ಅಂದಾಜು. ಅವರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮಲ್ಲಿ ಮಾಟ, ಮದ್ದು, ದೃಷ್ಟಿಯ ನಂಬಿಕೆ ಮನೆಮನೆಗೂ ಇತ್ತು, ಅದಕ್ಕಾಗಿ ಸರಕಾರವೇ ಊರೂರಿಗೆ ವಿಚಾರಣೆ ನಡೆಸಲಿಲ್ಲ. ಆದರೆ ಹೆಣ್ಣುಮಗುವಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ದೇವದಾಸಿ ಪದ್ಧತಿ ನಮ್ಮ ಸೀಮೆಯಲ್ಲಿ ಶತಮಾನಗಳ ಕಾಲ ನಡೆಯಿತು. ಅದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಅಲ್ಲಿ ನ್ಯಾಯಾಲಯ ಮಾಡಿದ ಅನ್ಯಾಯವನ್ನು ಇಲ್ಲಿ ಸಂಪ್ರದಾಯ ಮಾಡಿತು.

ವಾಗಣಗೇರಿಯಿಂದ ಸುರಪುರಕ್ಕೆ

ಅಧಿಕಾರ ಮತ್ತು ನಂಬಿಕೆಯ ಸಂಬಂಧ ನಮ್ಮ ನೆಲದಲ್ಲಿ ಸ್ಪಷ್ಟವಾಗಿ ಕಾಣುವುದು ಬೇಡ ನಾಯಕರ ಇತಿಹಾಸದಲ್ಲಿ. ವಿಜಯಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಗಲರ ಕೈಸೇರಿದವು. ಸಗರದ ಬೇಡರ ಅರಸ ಪಾಮನಾಯಕನೂ ಶರಣಾಗಬೇಕಾಯಿತು. ಅವನ ನಂತರದ ಪಿಡ್ಡನಾಯಕ ವಾಗಣಗೇರಿಯ ಕೋಟೆಯಲ್ಲಿ ಬಲ ಕೂಡಿಸಿದ. 1705ರ ಫೆಬ್ರವರಿಯಲ್ಲಿ ಔರಂಗಜೇಬನೇ ಖುದ್ದು ಬಂದು ಮುತ್ತಿಗೆ ಹಾಕಿದ. ಮರಾಠ ಸರದಾರ ಧನಾಜಿ ಜಾಧವ ಬೇಡರ ನೆರವಿಗೆ ಬಂದ. ಪಿಡ್ಡನಾಯಕ ಸಂಧಿಯ ಮಾತು ನಡೆಸುತ್ತಾ ಕಾಲ ತಳ್ಳಿ, ಏಪ್ರಿಲ್ ಕೊನೆಯಲ್ಲಿ ರಾತ್ರೋರಾತ್ರಿ ಕೋಟೆ ಬಿಟ್ಟು ಹೊರಟುಹೋದ. ಬಾದಶಹನಿಗೆ ಸಿಕ್ಕಿದ್ದು ಬರಿದಾದ ಕೋಟೆ. ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಅದು. ಅಲ್ಲಿಂದ ಕೃಷ್ಣೆಯ ಹತ್ತಿರದ ದೇವಾಪುರದಲ್ಲಿ ಪಾಳೆಯ ಬಿಟ್ಟು, 86ರ ವಯಸ್ಸಿನಲ್ಲಿ ಕಾಯಿಲೆ ಬಿದ್ದು, ತಿಂಗಳುಗಟ್ಟಲೆ ಉಳಿದ. 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ.

ಈ ಕಥೆಯನ್ನು ನಾವು ಶೌರ್ಯದ ಕಥೆಯಾಗಿ ಹೇಳುತ್ತೇವೆ, ಹೇಳಬೇಕು ಕೂಡ. ಅದರ ಜೊತೆಗೆ ಆ ಪಾಳೆಯದ ಕುದುರೆ, ಆನೆ, ಒಂಟೆಗಳಿಗೆ ಮೇವು ಎಲ್ಲಿಂದ ಬಂತು ಎಂದೂ ಕೇಳಬೇಕು. ದೇವಾಪುರದ ಸುತ್ತಲಿನ ಒಕ್ಕಲಿಗನ ಕಣದಿಂದಲೇ ಬಂತು. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನಿಯ ಹಳ್ಳಿಗಳನ್ನು ಎರಡೂ ಕಡೆಯ ಸೈನ್ಯಗಳು ತಿಂದು ಮುಗಿಸಿದ್ದು ಹೀಗೆಯೇ.

ವಾಗಣಗೇರಿ ಹೋದ ಮೇಲೆ ನಾಯಕರು ಸುರಪುರವನ್ನು ರಾಜಧಾನಿ ಮಾಡಿಕೊಂಡರು, ವೇಣುಗೋಪಾಲಸ್ವಾಮಿಯ ಗುಡಿ ಕಟ್ಟಿದರು. ಬೇಟೆ ಮತ್ತು ಕಾಳಗದಿಂದ ಮೇಲೆ ಬಂದ ಜನ ಗದ್ದುಗೆಯ ಮಾನ್ಯತೆಗಾಗಿ ದೇವರನ್ನು ಊರ ನಡುವೆ ತಂದು ನಿಲ್ಲಿಸಿದ್ದು ಸಹಜ. ಆದರೆ ಆ ದೇವರ ಜಾತ್ರೆಯಲ್ಲಿ ಇಂದಿಗೂ ನಡೆಯುವ ಸ್ತಂಭಾರೋಹಣ ನೋಡಿ. ರಾಜಮನೆತನದವರ ಸಮ್ಮುಖದಲ್ಲಿ ಜಾರುವ ಎತ್ತರದ ಕಂಬಗಳನ್ನು ಹತ್ತುವವರು ಸಾಮಾನ್ಯ ಯುವಕರು. ನೋಡುವ ಕಣ್ಣೆಲ್ಲ ಅವರ ಮೇಲೆ. ಗುಡಿ ಅರಸ ಕಟ್ಟಿದ್ದು, ಜಾತ್ರೆ ಜನ ಕಟ್ಟಿದ್ದು. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಆತ್ಮಕಥೆಯಲ್ಲೂ ರಾಜ್ಯ ನಿಂತದ್ದು ಈ ಬೇಡ ಕಾಲಾಳುಗಳ ನಿಷ್ಠೆಯ ಮೇಲೆ ಎಂಬುದು ಕಾಣುತ್ತದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದಾಗ ಅವನ ಹಿಂದೆ ನಿಂತದ್ದೂ ಅವರೇ.

ಉಳಿದ ನಷ್ಟ

ಆರಂಭದಲ್ಲಿ ಒಂದು ನಷ್ಟದ ಮಾತು ಹೇಳಿದೆ. ನಮ್ಮ ಅರಸರು ನಂಬಿಕೆಯ ಲೆಕ್ಕ ಇಡಲಿಲ್ಲ, ಆದ್ದರಿಂದ ಪೀರನೂ ಮೌನಪ್ಪನೂ ಒಂದೇ ಗುಡಿಯಲ್ಲಿ ಉಳಿದರು, ಮೊಹರಂ ಹಬ್ಬದಲ್ಲಿ ಅಲಾಯಿ ಕುಣಿಯುವವರು ಹಿಂದೂಗಳೇ ಆದರು, ನಮ್ಮ ಓಣಿಗಳಲ್ಲಿ ಹುಸೇನಪ್ಪ, ಖಾಜಪ್ಪ, ಲಾಲಪ್ಪ ಎಂಬ ಹೆಸರುಗಳು ಹುಟ್ಟಿದವು. ಅದೇ ಅರಸರು ಹಳ್ಳಿಯ ಜಾತಿಯ ಕಟ್ಟನ್ನೂ ಮುಟ್ಟಲಿಲ್ಲ. ಗೌಡ, ಕುಲಕರ್ಣಿ, ದೇಸಾಯಿಗಳ ಮೂಲಕ ಕಂದಾಯ ಬರುತ್ತಿರುವವರೆಗೆ ಕೇರಿಯ ಬದುಕು ಅರಸನ ಕಣ್ಣಿಗೆ ಬೀಳಲಿಲ್ಲ. ಸತ್ತ ದನ ಹೊರುವವನು, ಚರ್ಮ ಹದ ಮಾಡುವವನು, ಊರೂರಿಗೆ ಓಲೆ ಒಯ್ಯುವವನು ಊರಾಚೆಯೇ ಉಳಿದರು. ಸುಲ್ತಾನ ಬದಲಾದ, ನಾಯಕ ಬದಲಾದ, ನಿಜಾಮ ಬಂದ. ಕೇರಿ ಬದಲಾಗಲಿಲ್ಲ. ಕೊಡೇಕಲ್ ಮತ್ತು ತಿಂಥಣಿಯ ಸಂತರು ಜಾತಿಯ ವಿರುದ್ಧ ಎತ್ತಿದ ದನಿ ಗುಡಿಯೊಳಗೆ ಉಳಿಯಿತು, ಬಾವಿಯ ಕಟ್ಟೆಗೆ ಬರಲಿಲ್ಲ. ಸೌಹಾರ್ದದ ಹೆಮ್ಮೆಯನ್ನು ಹೇಳುವಾಗ ಈ ಮಾತನ್ನು ನುಂಗಿಕೊಂಡರೆ ಅದು ಅರ್ಧ ಇತಿಹಾಸ.

ನಮ್ಮ ಕೆಲಸ

ಮೆನೊಕ್ಕಿಯೊನ ಬದುಕು ನಮಗೆ ತಿಳಿದದ್ದು ಅವನನ್ನು ಶಿಕ್ಷಿಸಿದವರು ಕಡತ ಇಟ್ಟಿದ್ದರಿಂದ. ನಮ್ಮಲ್ಲಿ ಅಂಥ ಕಡತವಿಲ್ಲ. ನಮ್ಮ ಸಾಮಾನ್ಯರ ಇತಿಹಾಸ ಇರುವುದು ಮಠದ ಗಂಟಿನಲ್ಲಿ, ದರ್ಗಾದ ಸನದಿನಲ್ಲಿ, ಕುಲಕರ್ಣಿ ಮನೆಯ ಅಟ್ಟದ ಮೋಡಿ ಲಿಪಿಯ ಕಾಗದದಲ್ಲಿ, ತತ್ವಪದ ಹಾಡುವವರ ಬಾಯಲ್ಲಿ, ಅಜ್ಜಿಯ ಬೀಸುವ ಪದದಲ್ಲಿ, ಮೊಹರಂ ಪದದಲ್ಲಿ. ಎಂ.ಎಂ. ಕಲಬುರ್ಗಿಯವರು ಊರುಗಳ ಹಳೆಯ ವೃತ್ತಾಂತಗಳಾದ ಕೈಫಿಯತ್ತುಗಳನ್ನು ಸಂಪಾದಿಸಿ ದಾರಿ ತೋರಿಸಿದರು. ರಹಮತ್ ತರೀಕೆರೆಯವರು ‘ಕರ್ನಾಟಕದ ಸೂಫಿಗಳು’ ಬರೆಯಲು ಊರೂರು ತಿರುಗಿದರು. ಒಬ್ಬಿಬ್ಬರು ವಿದ್ವಾಂಸರಿಂದ ಮುಗಿಯುವ ಕೆಲಸ ಇದಲ್ಲ. ಹಾಡುವವರು ತೀರಿಕೊಳ್ಳುತ್ತಿದ್ದಾರೆ, ಕಾಗದಗಳು ಗೆದ್ದಲಿಗೆ ಹೋಗುತ್ತಿವೆ.

ಇಲ್ಲಿ ಕುಳಿತಿರುವ ಕೃಷಿ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ನನ್ನ ವಿನಂತಿ. ಮಣ್ಣಿನ ಮಾದರಿ ತೆಗೆಯಲು, ಬೆಳೆ ಸಮೀಕ್ಷೆ ಮಾಡಲು ಹಳ್ಳಿಗೆ ಹೋಗುತ್ತೀರಿ. ಹೋದಾಗ ಊರ ಹಿರಿಯರನ್ನು ಹಳೆಯ ತಳಿಗಳ ಹೆಸರು ಕೇಳಿ, ಯಾವ ಬೆಳೆ ಯಾವ ಹಬ್ಬಕ್ಕೆ ಸಂಬಂಧಪಟ್ಟಿದೆ ಕೇಳಿ, ಯಾವ ಹೊಲ ಯಾವ ಗುಡಿಗೆ, ಯಾವ ದರ್ಗಾಕ್ಕೆ ಇನಾಮಾಗಿತ್ತು ಕೇಳಿ, ಬರೆದುಕೊಳ್ಳಿ. ಫೋನಿನಲ್ಲಿ ಹಾಡು ಹಿಡಿದಿಡಿ, ಹಾಡಿದವರ ಹೆಸರು, ಊರು, ದಿನಾಂಕ ಸೇರಿಸಿ. ಹಳೆಯ ಕಾಗದ ಕಂಡರೆ ಮಾಲೀಕರ ಒಪ್ಪಿಗೆ ಪಡೆದು ಫೋಟೊ ತೆಗೆಯಿರಿ, ಮೂಲವನ್ನು ಅವರಲ್ಲೇ ಬಿಡಿ. ಕೇರಿಗೆ ತಪ್ಪದೇ ಹೋಗಿ, ಏಕೆಂದರೆ ಬರೆದಿಟ್ಟ ಇತಿಹಾಸ ಅಲ್ಲಿಗೆ ಹೋಗಿಲ್ಲ. ಊರ ಶಿಕ್ಷಕರು ಇದನ್ನು ಮಕ್ಕಳ ಪ್ರಾಜೆಕ್ಟ್ ಕೆಲಸವಾಗಿ ಮಾಡಿಸಲಿ. ಊರಿನ ಇತಿಹಾಸವನ್ನು ಊರವರೇ ಬರೆಯದಿದ್ದರೆ ಅದನ್ನು ತಮ್ಮ ಲಾಭಕ್ಕೆ ತಿರುಚಿ ಬರೆಯುವವರು ಬಂದೇ ಬರುತ್ತಾರೆ. ಗೋಗಿಯೂ ತಿಂಥಣಿಯೂ ಯಾರವು ಎಂಬ ಜಗಳ ಎಬ್ಬಿಸುವವರಿಗೆ ಉತ್ತರ ಕೊಡಲು ನಮ್ಮ ಕೈಯಲ್ಲಿ ಸಾಕ್ಷಿ ಇರಬೇಕು. ಆ ಸಾಕ್ಷಿಯನ್ನು ಕೂಡಿಸುವ ಕೆಲಸವನ್ನು ಈ ವರ್ಷವೇ ಆರಂಭಿಸೋಣ.